ಓದುವಕ್ಕ ಸಾಯಗೊಡದ ರಾಜ

ಅಂಗಿ ಹೊಲಿಯುವ ಆ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಯಂತ್ರಗಳು ಕಿವಿ ಕಿತ್ತುಹೋಗುವಂತೆ ಓಡುತ್ತವೆ. ಅಲ್ಲಿ ಮಾತಿಗೆ ಜಾಗವಿಲ್ಲ. ಕೆಳಗಿನದು ಕೈಕೆಲಸದ ಕೋಣೆ. ಬೆಲೆಬಾಳುವ ಅಂಗಿಗಳಿಗೆ ಗುಂಡಿ ಹಚ್ಚುವುದು, ಕೊಕ್ಕೆ ಕೂರಿಸುವುದು, ಉಳಿದ ದಾರ ಕತ್ತರಿಸುವುದು ಅಲ್ಲಿನ ಕೆಲಸ. ಉದ್ದನೆಯ ಎರಡು ಮೇಜು, ತಲೆಯ ಮೇಲೆ ಟ್ಯೂಬ್‌ಲೈಟು, ಕಂಬಿ ಹಾಕಿದ ಕಿಟಕಿಯಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ದಿನವಿಡೀ ಆ ಗೋಡೆಯನ್ನೇ ನೋಡಿಕೊಂಡು ಹೆಂಗಸರು ಸೂಜಿ ಚುಚ್ಚುತ್ತಾರೆ. ನೀವು ತೊಟ್ಟ ಅಂಗಿಯ ಗುಂಡಿ ವರ್ಷವಾದರೂ ಕಳಚಿ ಬಿದ್ದಿಲ್ಲವೆಂದರೆ ಯಾರದೋ ಕಣ್ಣು ಅಲ್ಲಿ ಸವೆದಿದೆ. ಅಂಗಡಿಯವನು ನಿಮಗೆ ಅದನ್ನು ಹೇಳಿರುವುದಿಲ್ಲ.

ಆ ಕೋಣೆಗೆ ಒಂದು ಪದ್ಧತಿಯಿತ್ತು. ಒಬ್ಬಳು ಸೂಜಿ ಹಿಡಿಯದೆ ಕುರ್ಚಿಯಲ್ಲಿ ಕೂತು ಪುಸ್ತಕ ಓದಬೇಕು, ಉಳಿದವರು ಕೇಳುತ್ತ ಕೆಲಸ ಮಾಡಬೇಕು. ಓದುವವಳ ಪಾಲಿನ ಅಂಗಿಗಳನ್ನು ಉಳಿದವರು ಒಂದೊಂದಾಗಿ ತಮ್ಮ ರಾಶಿಗೆ ಎಳೆದುಕೊಂಡು ಹೊಲಿದುಕೊಡುತ್ತಿದ್ದರು. ಹಿಂದೆ ರೇಡಿಯೋ ಇತ್ತಂತೆ. ಹಾಡು ನಿಧಾನವಾದರೆ ಕೈಯೂ ನಿಧಾನವಾಗುತ್ತದೆಂದು ಮೇಸ್ತ್ರಿ ಅದನ್ನು ಕಿತ್ತುಕೊಂಡು ಹೋದ. ಓದು ಶುರುವಾದ ಮೇಲೆ ಬಾಯಿ ಮುಚ್ಚಿ ಕೈ ಓಡುವುದನ್ನು ಕಂಡು ಸುಮ್ಮನಾದ.

ಓದುತ್ತಿದ್ದವಳನ್ನು ಎಲ್ಲರೂ ಓದುವಕ್ಕ ಎನ್ನುತ್ತಿದ್ದರು. ಶಾಲೆ ಅರ್ಧಕ್ಕೇ ಬಿಟ್ಟವಳು. ಆದರೆ ಅಕ್ಷರ ಕಂಡಲ್ಲಿ ಕಣ್ಣು ನಿಲ್ಲಿಸುವ ಚಟ ಬಿಟ್ಟಿರಲಿಲ್ಲ. ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವಳು. ಜೊತೆಗೆ ಮಹಾ ಪುಕ್ಕಲಿ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಬಂದು, ಬೀಗ ಬಿದ್ದಿದೆಯೋ ಇಲ್ಲವೋ ಎಂದು ವಾಪಸು ಓಡುವವಳು. ಯಾರಾದರೂ ಹಿಂದಿನಿಂದ ಕರೆದರೆ, ಕರೆದವರು ಯಾರೆಂದು ನೋಡುವ ಮೊದಲೇ ತಾನು ಏನು ತಪ್ಪು ಮಾಡಿದೆನೆಂದು ಹುಡುಕಲು ಶುರುಮಾಡುವವಳು.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಬಟ್ಟೆಯ ಗಂಟು ಹೊರುತ್ತಿದ್ದವನು. ಒಂದು ಗಂಟು ಬೆನ್ನ ಮೇಲೆ ಉರುಳಿತು. ಆಮೇಲೆ ಅವನಿಗೆ ಗೇಟಿನ ಬಳಿ ಒಂದು ಸ್ಟೂಲು ಕೊಟ್ಟರು. ಬರುವ ಹೋಗುವ ಗಾಡಿಗೆ ಸರಪಳಿ ಇಳಿಸಿ ಏರಿಸುವ ಕೆಲಸ. ಕೊಟ್ಟದ್ದು ಹಕ್ಕೆಂದಲ್ಲ, ದಯೆಯೆಂದು. ದಯೆಯನ್ನು ಯಾವಾಗ ಬೇಕಾದರೂ ವಾಪಸು ತೆಗೆದುಕೊಳ್ಳಬಹುದು ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಅತ್ತೆ ಬೇರೆ.

ಕೋಣೆಯ ಹಿರಿಯಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಅವಳಿಗೆ ಓದು ಬಾರದು. ಆದರೆ ಯಾವ ಪುಸ್ತಕ ಓದಬೇಕೆಂದು ತೀರ್ಮಾನಿಸುವವಳು ಅವಳೇ. ಹಳೇ ಕಾಗದದ ಅಂಗಡಿಗೆ ಹೋಗಿ ಪುಸ್ತಕಗಳನ್ನು ಕೈಯಲ್ಲಿ ತೂಗಿ ನೋಡಿ ತರುತ್ತಿದ್ದಳು.

"ಹೋದ್ಸಲದ ಕಾದಂಬರಿ ಎಂಟೇ ದಿನಕ್ಕೆ ಮುಗಿದುಹೋಯ್ತು," ಅಂದಳು, ಒಂದು ಭಾರೀ ಪುಸ್ತಕವನ್ನು ಮೇಜಿನ ಮೇಲೆ ದೊಪ್ಪೆಂದು ಹಾಕುತ್ತ. "ಆ ಹುಡುಗಿ ಮದುವೆ ಆಗ್ತಿದ್ದಂಗೆ ನಮಗೆ ಮಾಡೋಕೆ ಏನೂ ಇಲ್ಲದಂಗಾಯ್ತು. ಇದನ್ನ ಓದು. ನನ್ನ ಪೆನ್ಷನ್ ಬರೋವರೆಗೂ ಮುಗಿಯಬಾರದು."

ರಟ್ಟು ಕಿತ್ತುಹೋದ ಪ್ರಾಚೀನ ಕಾಲದ ಚರಿತ್ರೆ ಅದು. ನದಿ ದಂಡೆಯ ಮೊದಲ ಊರುಗಳಿಂದ ಹಿಡಿದು ಸಾಮ್ರಾಜ್ಯಗಳು ಬಿದ್ದುಹೋಗುವವರೆಗೆ. ಮೊದಮೊದಲು ಹೆಂಗಸರು ಮೂಗು ಮುರಿದರು. ಆಮೇಲೆ ರಾಜರು ಒಬ್ಬೊಬ್ಬರಾಗಿ ಬೀಗರ ಕಡೆಯ ನೆಂಟರ ಹಾಗೆ ಪರಿಚಯವಾಗತೊಡಗಿದರು. ನಾಲಿಗೆ ಹೊರಳದ ಹೆಸರುಗಳನ್ನು ಬಿಟ್ಟು ಒಬ್ಬ ಮೊಂಡ, ಒಬ್ಬ ಬಾಯಿಬಡಕ, ಒಬ್ಬ ಅಮ್ಮನ ಮಗ ಎಂದು ಹೆಸರಿಟ್ಟರು. ಊಟದ ಹೊತ್ತಿಗೆ ಕೈ ತೊಳೆಯುತ್ತ, "ಆ ಮೊಂಡ ಇವತ್ತು ಯಾರ ಮೇಲೆ ದಂಡೆತ್ತಿ ಹೋಗ್ತಾನೋ, ಹೊಟ್ಟೆಗಾದ್ರೂ ಹಾಕ್ಕೊಂಡು ಹೋಗ್ಬಾರ್ದಾ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಗೋರಿ ಕಟ್ಟುವ ಕೆಲಸಗಾರರ ಪುಟ ಬಂತು. ಮರಳುನಾಡಿನ ದೊರೆಗಳಿಗೆ ಬೆಟ್ಟ ಕೊರೆದು ಗೋರಿ ಮಾಡುತ್ತಿದ್ದವರು. ಅವರಿಗೆ ಕೂಲಿಯಾಗಿ ಸಿಗುತ್ತಿದ್ದ ಧಾನ್ಯ ಬರಲಿಲ್ಲ. ಬರುತ್ತದೆ ಬರುತ್ತದೆ ಎಂದು ಕಾದರು. ಒಂದು ಬೆಳಗ್ಗೆ ಉಳಿ ಸುತ್ತಿಗೆ ಕೆಳಗಿಟ್ಟು ಹೊರಟರು. ದೇವಾಲಯವೊಂದರ ಹಿಂದೆ ಹೋಗಿ ಕೂತರು. ಅಧಿಕಾರಿಗಳು ಬಂದು ಕರೆದರೆ, ನಮಗೆ ಹಸಿವಾಗಿದೆ, ದೊರೆಗೆ ತಿಳಿಸಿ ಎಂದರು. ಏಳಲಿಲ್ಲ.

ಓದುವಕ್ಕ ಪುಟ ತಿರುಗಿಸಲು ಹೋದಾಗ ಕೋಣೆಯಲ್ಲಿ ಏನೋ ವ್ಯತ್ಯಾಸವಾಗಿತ್ತು. ದಾರ ಕತ್ತರಿಸುವ ಚಿಟಿಚಿಟಿ ಸದ್ದು ನಿಂತಿತ್ತು.

"ಕೂತ್ರಂತಾ? ಸುಮ್ನೆ ಕೂತ್ರಾ?" ಕೇಳಿದಳು ಒಬ್ಬಳು.

"ಹೌದಂತೆ."

"ಕಲ್ಲು ಗಿಲ್ಲು ಹೊಡೀಲಿಲ್ವಾ?"

"ಕೂತ್ರು ಅಂತ ಮಾತ್ರ ಇದೆ."

"ಅಯ್ಯೋ, ಅಷ್ಟೊಂದು ಸಲೀಸಾ!" ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ದುಡಿದು ದುಡಿದು ಬಗ್ಗಿದ ಕತ್ತುಗಳು ಒಟ್ಟಿಗೇ ಮೇಲೆದ್ದು ನಕ್ಕದ್ದನ್ನು ಬಾಗಿಲಲ್ಲಿ ನಿಂತ ಮೇಸ್ತ್ರಿ ನೋಡಿದ. ಆ ತಿಂಗಳ ಸಂಬಳ ಕಾರ್ಖಾನೆಯಲ್ಲಿ ಇನ್ನೂ ಆಗಿರಲಿಲ್ಲ.

ಮರುದಿನ ಮ್ಯಾನೇಜರ್ ಓದುವಕ್ಕನನ್ನು ಮೇಲಕ್ಕೆ ಕರೆಸಿದ. ಗಾಜಿನ ಕೋಣೆ, ಮೇಜಿನ ಮೇಲೆ ಒಂದು ಧೂಳಿನ ಕಣವೂ ಇಲ್ಲ. ಯಾವತ್ತೂ ನೀನು ಎನ್ನುತ್ತಿದ್ದವನು ಅಂದು ನೀವು ಎಂದ. ಓದುವಕ್ಕ ಹೆದರಿದ್ದು ಆ ಮಾತಿಗೇ.

"ಕೂತ್ಕೊಳ್ಳಿ. ಓದೋದು ಒಳ್ಳೇದೇ. ನಾನೇನು ಬೇಡ ಅನ್ನಲ್ಲ. ನೀವು ತಿಳಿದವರು, ಅವರಿಗೆ ಒಳ್ಳೇದನ್ನ ಓದಿ ಹೇಳ್ಬೇಕು. ಹಳೇ ಕಾಲದ ಜಗಳ ಈಗ ಯಾಕೆ, ಅಲ್ವಾ?"

"ಹೂಂ ಸರ್."

"ನಿಮ್ಮೆಜಮಾನ್ರು ಹೇಗಿದ್ದಾರೆ? ಸ್ಟೂಲಲ್ಲಿ ಕೂತು ಕೂತು ಬೆನ್ನು ನೋಯಲ್ವಾ? ಪಾಪ, ಮನೇಲಿ ವಿಶ್ರಾಂತಿ ತಗೊಂಡ್ರೆ ಒಳ್ಳೇದೇನೋ."

"ಚೆನ್ನಾಗಿದ್ದಾರೆ ಸರ್. ಸ್ಟೂಲೇ ಆರಾಮ ಸರ್."

"ಸಂತೋಷ. ಹೋಗಿಬನ್ನಿ."

ಅಷ್ಟೇ. ನಾಳೆ ಯಾರಾದರೂ ವಿಚಾರಣೆ ಮಾಡಿದರೆ ಈ ಮಾತುಗಳಲ್ಲಿ ಒಂದನ್ನೂ ತಪ್ಪೆಂದು ತೋರಿಸಲಾಗದು. ಒಬ್ಬ ಸಭ್ಯ ಮನುಷ್ಯ ಕೆಲಸಗಾರನ ಆರೋಗ್ಯ ವಿಚಾರಿಸಿದ. ಗದರಿಸುವವನಾದರೆ ಪರವಾಗಿಲ್ಲ, ಊರಿಗೆಲ್ಲ ಕೇಳುತ್ತದೆ. ಕುಶಲ ವಿಚಾರಿಸುವವನನ್ನು ಯಾವ ಠಾಣೆಗೆ ಎಳೆಯುವುದು?

ಕೆಳಗೆ ಬಂದಾಗ ಎಲ್ಲರೂ ಕತ್ತೆತ್ತಿದರು. "ಏನಂದ್ರೇ?"

"ಏನಿಲ್ಲ. ನಮ್ಮನೆಯವರ ಆರೋಗ್ಯ ಕೇಳಿದ್ರು."

"ಅಬ್ಬಬ್ಬಾ, ಏನು ಕರುಣೆ!" ಎಂದು ಯಾರೋ ಅಂದರು. ಓದುವಕ್ಕ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದಳು. ಮುಂದಿನ ಸಾಲಿನಲ್ಲಿ, ಕಡೆಗೂ ಧಾನ್ಯ ಬಂತು, ಮತ್ತೆ ತಡವಾದಾಗ ಅವರು ಮತ್ತೆ ಕೆಲಸ ನಿಲ್ಲಿಸಿದರು ಎಂದು ಅಚ್ಚಾಗಿತ್ತು. ಅವಳ ಕಣ್ಣು ಅದನ್ನು ಓದಿತು. ಬಾಯಿ ಬೇರೆಯದನ್ನು ಹೇಳಿತು. "ಆಮೇಲೆ ಕೆಲಸಗಾರರಿಗೆ ತಮ್ಮ ತಪ್ಪಿನ ಅರಿವಾಯಿತು. ದೊರೆಗೂ ಕಷ್ಟವಿದೆಯೆಂದು ತಿಳಿದು, ನಾಚಿಕೊಂಡು, ಕೆಲಸಕ್ಕೆ ಮರಳಿದರು."

"ಇಷ್ಟೇನಾ?" ಎಂದಳು ಚಿಕ್ಕಮ್ಮ. ಅವಳ ಮುಖ ಸಪ್ಪಗಾಯಿತು. ಮತ್ತೆ ಚಿಟಿಚಿಟಿ ಸದ್ದು ಶುರುವಾಯಿತು.

ಪುಸ್ತಕ ಕಾಣುತ್ತಿದ್ದದ್ದು ಓದುವವಳಿಗೊಬ್ಬಳಿಗೆ. ಉಳಿದವರ ಕಣ್ಣು ಗುಂಡಿಯ ತೂತಿನಲ್ಲಿತ್ತು. ಅವರು ಅವಳನ್ನು ನಂಬಿ ತಮ್ಮ ಕಿವಿಯನ್ನು ಅವಳ ಕೈಗೆ ಕೊಟ್ಟಿದ್ದರು, ಆ ನಂಬಿಕೆಗಾಗಿ ಅವಳ ಪಾಲಿನ ಅಂಗಿ ಹೊಲಿಯುತ್ತಿದ್ದರು. ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದರಿಂದಲೇ ಅವಳಿಗೆ ಅಂದು ಊಟ ಸೇರಲಿಲ್ಲ. ಹೆದರಿದವರನ್ನು ಹೇಡಿ ಎನ್ನುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಬೇರೆಯವರ ಸಂಬಳವನ್ನು ಪಣಕ್ಕಿಟ್ಟು ಧೈರ್ಯ ತೋರಿಸುವವರು.

ಒಮ್ಮೆ ತಿದ್ದಿದ ಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲಿ ಜನ ಎದ್ದುನಿಂತರೋ ಅಲ್ಲಿ ಅವರನ್ನು ಕೂರಿಸಿದಳು, ಎಲ್ಲಿ ಕೂತರೋ ಅಲ್ಲಿ ಎಬ್ಬಿಸಿ ಕೆಲಸಕ್ಕೆ ಕಳಿಸಿದಳು. ಸುಟ್ಟುಹೋದ ಊರುಗಳಲ್ಲಿ ಬೆಂಕಿ ಆರಿಸಿದಳು. ಸುಲಿಗೆಯನ್ನು ಕಾಣಿಕೆ ಮಾಡಿದಳು. ನಾಳೆ ಯಾವ ಪುಟ ಬರುತ್ತದೆ, ಅದರಲ್ಲಿ ಏನನ್ನು ಮುಚ್ಚಬೇಕು ಎಂದು ಬೆಳಗ್ಗೆ ಹಿಟ್ಟು ಕಲಸುತ್ತ ಬಾಯಲ್ಲೇ ವಾಕ್ಯ ಜೋಡಿಸುತ್ತಿದ್ದಳು.

"ಯಾರ ಹತ್ರ ಮಾತಾಡ್ತಿದ್ದೀಯೇ?" ಕೇಳಿದಳು ಅತ್ತೆ.

"ಒಬ್ಬ ರಾಜನ ಹತ್ರ ಅತ್ತೆ."

"ನನ್ನ ಮಗ ಸಾಲದೇ ಹೋದ್ನಾ ನಿಂಗೆ?"

ಎರಡು ನದಿಗಳ ನಡುವಿನ ನಾಡಿನ ಒಬ್ಬ ರಾಜನಿಂದ ಅವಳ ಕಷ್ಟ ಇನ್ನೂ ಹೆಚ್ಚಿತು. ಪುಸ್ತಕದಲ್ಲಿ ಅವನನ್ನು ಸ್ವಂತ ಮಕ್ಕಳೇ ಕೊಂದಿದ್ದರು. ಆ ಪುಟ ಬಂದಾಗ ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ದೊರೆಯನ್ನು ಕೊಲ್ಲುವ ಮಾತು ಅವನ ಮುಂದೆ ಬಾಯಿಂದ ಹೊರಡುವುದುಂಟೇ? ರಾಜ ಮಕ್ಕಳಿಗೆ ಬುದ್ಧಿ ಹೇಳಿದ, ಮಕ್ಕಳು ಕಾಲಿಗೆ ಬಿದ್ದರು ಎಂದು ಓದಿಬಿಟ್ಟಳು. ಆಮೇಲೆ ಅವನನ್ನು ಸಾಯಿಸಲು ಜಾಗವೇ ಸಿಗಲಿಲ್ಲ. ಪುಟ ಮುಂದೆ ಹೋದಂತೆ ಮಗ ಪಟ್ಟವೇರಿದ, ಮೊಮ್ಮಗ ಪಟ್ಟವೇರಿದ. ಅವರ ಕೆಲಸವನ್ನೆಲ್ಲ ಅವಳು ಮುದುಕನ ಕೈಯಲ್ಲೇ ಮಾಡಿಸಬೇಕಾಯಿತು.

"ಇನ್ನೂ ಸತ್ತಿಲ್ವೇನೇ ಅವನು?" ಕೇಳಿದಳು ಚಿಕ್ಕಮ್ಮ.

"ಆಗಿನ ಕಾಲದ ಊಟ ಗಟ್ಟಿ," ಎಂದಳು ಇನ್ನೊಬ್ಬಳು.

"ಊಟ ಅಲ್ಲ ಕಣೇ, ಕೆಲಸ ಇಲ್ಲ ಅವನಿಗೆ. ಕೆಲಸ ಇಲ್ಲದವರು ಬೇಗ ಸಾಯಲ್ಲ."

"ಮೊದ್ಲೆಲ್ಲ ಎಷ್ಟು ಚೆನ್ನಾಗಿತ್ತು ಈ ಪುಸ್ತಕ. ಈಗ ಯಾಕೋ ರಾಜರೆಲ್ಲ ನಮ್ಮ ಮಾವನ ತರ ಆಗೋದ್ರು. ಬರೀ ಒಳ್ಳೆ ಮಾತು."

ಎಲ್ಲರೂ ನಗುತ್ತಿದ್ದರು. ಓದುವಕ್ಕನೂ ನಗಬೇಕಾಯಿತು. ಈಗ ಅವಳಿಗೆ ಎರಡು ಕಡೆಯ ಭಯ. ಸರಿಯಾಗಿ ಓದಿದರೆ ಗಂಡನ ಸ್ಟೂಲು ಹೋಗುತ್ತದೆ. ತಿದ್ದಿ ಓದಿ ಸಿಕ್ಕಿಬಿದ್ದರೆ ಈ ಹೆಂಗಸರು ಇನ್ನು ಮುಖ ನೋಡುವುದಿಲ್ಲ. ಅವರನ್ನು ಬಿಟ್ಟರೆ ಅವಳಿಗೆ ಮಾತಾಡುವವರೇ ಇರಲಿಲ್ಲ. ಪುಸ್ತಕವನ್ನು ಕುರ್ಚಿಯ ಮೇಲೆ ಬಿಟ್ಟು ನೀರು ಕುಡಿಯಲೂ ಹೋಗುತ್ತಿರಲಿಲ್ಲ. ಯಾರಾದರೂ ಚಿತ್ರವಿದೆಯಾ ಎಂದು ಬಗ್ಗಿದರೆ ಪುಟ ಮುಚ್ಚಿಬಿಡುತ್ತಿದ್ದಳು. ಎಲ್ಲಕ್ಕಿಂತ ಹೆದರಿಸಿದ್ದು ಮೇಸ್ತ್ರಿಯ ಮೆಚ್ಚುಗೆ. "ಈಗ ಚೆನ್ನಾಗಿ ಓದ್ತೀಯಮ್ಮ," ಎಂದು ಒಂದು ದಿನ ಹಾದುಹೋಗುತ್ತ ಅಂದ.

ಅವಳನ್ನು ಕೊನೆಗೆ ಹಿಡಿದುಕೊಟ್ಟದ್ದು ಅವಳ ಗಂಟಲೇ. ನೆಗಡಿ ಇಳಿದು ಕೆಮ್ಮಾಗಿ, ಒಂದು ಬೆಳಗ್ಗೆ ದನಿ ಪೂರ್ತಿ ನಿಂತುಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಕೋಣೆಗೆ ಹೊಸದಾಗಿ ಒಬ್ಬಳು ಸೇರಿದ್ದಳು, ಕೊಕ್ಕೆ ಹೊಲಿಯುವವಳು, ಇನ್ನೂ ಹೊಸಬಳು ಎಂದೇ ಕರೆಯುತ್ತಿದ್ದರು. "ನಂಗೆ ಓದೋಕೆ ಬರುತ್ತೆ, ಇವತ್ತು ನಾನು ಓದ್ಲಾ?" ಎಂದು ಕೈ ಚಾಚಿದಳು.

ಓದುವಕ್ಕ ಪುಸ್ತಕವನ್ನು ಎದೆಗವಚಿಕೊಂಡು ತಲೆಯಾಡಿಸಿದಳು.

"ಕೊಡೇ. ಅವಳೇನು ನುಂಗಿಬಿಡ್ತಾಳಾ?" ಎಂದಳು ಚಿಕ್ಕಮ್ಮ. ಎದ್ದುಬಂದು ತಾನೇ ಬಿಡಿಸಿಕೊಟ್ಟಳು. ದನಿಯಿದ್ದಿದ್ದರೆ ಏನಾದರೂ ನೆವ ಹೇಳಬಹುದಿತ್ತು.

ಹೊಸಬಳು ಗುರುತಿಗೆ ಇಟ್ಟ ದಾರ ಎಳೆದು ಓದಿದಳು. "ಮಕ್ಕಳಿಂದ ಹತನಾದ ಆ ರಾಜನ ನಂತರ, ಅವನ ಮೊಮ್ಮಗನ ಕಾಲದಲ್ಲಿ..."

"ತಾಳು ತಾಳು. ಯಾರು ಹತನಾದದ್ದು?"

ಹೊಸಬಳು ಹೆಸರು ಹೇಳಿದಳು.

"ನಮ್ಮ ಮುದುಕನಾ? ನಿನ್ನೆ ಸಾಯಂಕಾಲ ತಾನೇ ಕಾಲುವೆ ತೋಡಿಸ್ತಿದ್ದ!"

"ಇಲ್ಲಿ ಸತ್ತು ಬಹಳ ದಿನ ಆಯ್ತು ಅಂತಿದೆ ಚಿಕ್ಕಮ್ಮ."

ಒಂದಿಬ್ಬರು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಓದುವಕ್ಕನ ಮುಖವನ್ನೊಮ್ಮೆ ನೋಡಿದಳು. "ಹಿಂದಕ್ಕೆ ತಿರುಗಿಸು," ಅಂದಳು. "ಇನ್ನೂ ಹಿಂದಕ್ಕೆ. ಆ ಗೋರಿ ಕಟ್ಟೋರು ಎಲ್ಲಿದ್ದಾರೆ ನೋಡು."

ಹೊಸಬಳು ಹುಡುಕಿ ಓದಿದಳು. ನಾಚಿಕೊಂಡು ಮರಳಿದರು ಎಂಬುದು ಎಲ್ಲಿಯೂ ಇರಲಿಲ್ಲ. ಧಾನ್ಯ ಬಂದದ್ದಿತ್ತು. ಮತ್ತೆ ಕೆಲಸ ನಿಲ್ಲಿಸಿದ್ದೂ ಇತ್ತು. ಸಾವಿನ ಸುದ್ದಿ ಆಗತಾನೇ ಬಂದ ಮನೆಯ ಹಾಗಿತ್ತು ಕೋಣೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಒಬ್ಬೊಬ್ಬರಾಗಿ ತಮ್ಮ ರಾಶಿಯಿಂದ ಒಂದೊಂದು ಅಂಗಿ ತೆಗೆದು ಓದುವಕ್ಕನ ಮುಂದೆ ಇಟ್ಟರು. ಅವಳ ಪಾಲಿನವು. ಚಿಕ್ಕಮ್ಮ ತನ್ನ ಡಬ್ಬಿಯಿಂದ ಒಂದು ಸೂಜಿ ಆರಿಸಿ ಮೇಜಿನ ಮೇಲೆ ಇಟ್ಟು ತನ್ನ ಜಾಗಕ್ಕೆ ಹೋದಳು.

ಅಂದೆಲ್ಲ ಓದುವಕ್ಕ ಗುಂಡಿ ಹಚ್ಚಿದಳು, ಹೊಸಬಳು ಗೋರಿ ಕಟ್ಟುವವರಿಂದಲೇ ಮತ್ತೆ ಓದಿದಳು. ಮೇಸ್ತ್ರಿ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಗೋರಿ ಕಟ್ಟುವವರ ಮಾತು ಮುಗಿಯುವ ಮೊದಲೇ ಮೆಟ್ಟಿಲ ಕಡೆ ಹೋದದ್ದನ್ನು ಓದುವಕ್ಕ ಒಬ್ಬಳೇ ಗಮನಿಸಿದಳು.

ಮರುದಿನ ಊಟವಾದ ಮೇಲೆ ಮೇಸ್ತ್ರಿ ಬಂದು, "ಏಯ್ ಹೊಸಬಳೇ, ಮೇಲೆ ಕರೀತಿದ್ದಾರೆ," ಎಂದ. ಹೇಳಿ ಹೊರಟ.

"ಚೆನ್ನಾಗಿ ಓದಿದ್ದಕ್ಕೆ ಬಹುಮಾನ ಕಣೇ," ಎಂದಳು ಒಬ್ಬಳು. ಹೊಸಬಳು ಸೆರಗಿಗೆ ಅಂಟಿದ ದಾರಗಳನ್ನು ಕೊಡವಿಕೊಳ್ಳುತ್ತ ನಕ್ಕಳು. "ನನ್ನ ತಂಗಿಗೆ ಇಲ್ಲೇ ಕೆಲಸ ಕೊಡಿ ಅಂತ ಹೇಳಿಟ್ಟಿದ್ದೆ. ಅದಕ್ಕೇ ಇರಬೇಕು." ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲ ಕಡೆ ನಡೆದಳು.

ಓದುವಕ್ಕನ ಬೆರಳಿಗೆ ಸೂಜಿ ಚುಚ್ಚಿತು. ಸುಮ್ಮನಿದ್ದರೆ ಆಗುತ್ತಿತ್ತು. ಇವಳೂ ಹೆದರಿಕೊಂಡು ಇಳಿದುಬರುತ್ತಾಳೆ, ಇವಳೂ ಸುಳ್ಳು ಓದುತ್ತಾಳೆ, ಆಗ ತನ್ನೊಬ್ಬಳ ತಪ್ಪು ಇಬ್ಬರದಾಗುತ್ತದೆ. ಗಂಡನ ಸ್ಟೂಲೂ ಉಳಿಯುತ್ತದೆ. ಲೆಕ್ಕ ಎಲ್ಲ ಸರಿಯಾಗಿತ್ತು. ಆದರೆ ಆ ಗಾಜಿನ ಕೋಣೆಯಿಂದ ಒಬ್ಬಳೇ ಇಳಿದುಬಂದದ್ದು ಅವಳಿಗೆ ನೆನಪಿತ್ತು. ಮೆಟ್ಟಿಲ ಕೆಳಗೆ ನಿಂತು ಮುಖ ಒರೆಸಿಕೊಂಡದ್ದು, ಏನಿಲ್ಲ ಎಂದದ್ದು.

"ನಿಲ್ಲು," ಅಂದಳು. ದನಿ ಕರ್ರೆಂದು ಹರಿದು ಬಂತು. "ನನ್ನನ್ನ ಕರೆದಾಗ ನಮ್ಮನೆಯವರ ಬೆನ್ನು ನೋಯಲ್ವಾ ಅಂತ ಕೇಳಿದ್ರು. ಮನೇಲಿ ವಿಶ್ರಾಂತಿ ತಗೊಳ್ಳಲಿ ಅಂದ್ರು. ಯಾವತ್ತೂ ನೀನು ಅನ್ನೋರು ಅವತ್ತು 'ನೀವು' ಅಂದ್ರು ನಂಗೆ. ಒಳ್ಳೇದನ್ನ ಓದಿ ಅಂದ್ರು. ಅಷ್ಟೇ ಅಂದದ್ದು."

ಕೆಲವರಿಗೆ ಅರ್ಥವಾಗಲಿಲ್ಲ. ಚಿಕ್ಕಮ್ಮನಿಗೆ ಆಯಿತು. "ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದಳು. ಆ ಮಾತಿನಲ್ಲಿ ಸಿಟ್ಟು ಎಷ್ಟು, ಮರುಕ ಎಷ್ಟು ಎಂದು ಹೇಳುವುದು ಕಷ್ಟ. ಹೊಸಬಳ ನಗು ಮಾಯವಾಗಿತ್ತು.

ಓದುವಕ್ಕ ಎದ್ದು ಅವಳ ಹಿಂದೆ ಹೊರಟಳು. ಧೈರ್ಯ ಬಂದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಮೆಟ್ಟಿಲ ಕಂಬಿ ಹಿಡಿಯದೆ ಹತ್ತಲಾಗಲಿಲ್ಲ.

"ಬನ್ನಿ, ಕೂತ್ಕೊಳ್ಳಿ," ಎಂದ ಮ್ಯಾನೇಜರ್ ಹೊಸಬಳಿಗೆ. ಅನಂತರ ಹಿಂದೆ ನಿಂತವಳನ್ನು ಕಂಡ. "ನಿನ್ನನ್ನ ಯಾರು ಕರೆದ್ರು?"

"ಯಾರೂ ಕರೆದಿಲ್ಲ ಸರ್."

"ಮತ್ತೆ?"

"ನೀವು ಇವಳ ತಂಗಿ ಕೆಲಸದ ಬಗ್ಗೆ ಕೇಳ್ತೀರ ಸರ್. ಕೇಳಿ. ಕೇಳಿದ್ದನ್ನ ಇವಳು ಕೆಳಗೆ ಹೋಗಿ ಎಲ್ಲರಿಗೂ ಹೇಳ್ತಾಳೆ. ನಮ್ಮನೆಯವರ ಸ್ಟೂಲಿನ ವಿಷಯ ನಾನೂ ಈಗ ಹೇಳಿಬಂದೆ."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಅವನಿಗೆ ಗದರಿಸುವ ಅಭ್ಯಾಸವಿರಲಿಲ್ಲ, ಕುಶಲ ಕೇಳುವ ಅಭ್ಯಾಸವಷ್ಟೇ. ಈಗ ಯಾರ ಕುಶಲ ಕೇಳುವುದೆಂದು ಹೊಳೆದಂತೆ ಕಾಣಲಿಲ್ಲ.

"ಪುಸ್ತಕ ಇಲ್ಲಿ ಇಟ್ಟು ಹೋಗಿ," ಅಂದ.

ಹೊಸಬಳು ಓದುವಕ್ಕನನ್ನು ನೋಡಿದಳು. ಕಂಕುಳ ಪುಸ್ತಕ ಜಾರುತ್ತಿತ್ತು. ಓದುವಕ್ಕ ಅದನ್ನು ತೆಗೆದುಕೊಂಡಳು. ಕೊಟ್ಟುಬಿಟ್ಟರೆ ಮುಗಿಯಿತು, ಮನೆಗೆ ಹೋಗಬಹುದು ಎಂದು ಕೈ ಹೇಳುತ್ತಿತ್ತು.

"ಇದು ನನ್ನದಲ್ಲ ಸರ್. ಇವಳದ್ದೂ ಅಲ್ಲ. ಕೆಳಗಿನವರದ್ದು. ಬೇಕಿದ್ರೆ ನೀವೇ ಬಂದು ಅವರನ್ನ ಕೇಳಿ."

ಇಬ್ಬರೂ ಬಾಗಿಲು ದಾಟಿ ಇಳಿದರು. ಮೆಟ್ಟಿಲ ತಿರುವಿನಿಂದ ಗೇಟು ಕಾಣುತ್ತದೆ. ಸ್ಟೂಲಿನ ಮೇಲೆ ಗಂಡ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ, ಒಂದು ಲಾರಿಗೆ ಸರಪಳಿ ಇಳಿಸುತ್ತಿದ್ದ. ಅವನಿಗೆ ಇದೊಂದೂ ಗೊತ್ತಿರಲಿಲ್ಲ. ನಾಳೆಯೂ ಅವನು ಅಲ್ಲಿ ಕೂರುತ್ತಾನೆಯೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇವತ್ತು ಸಾಯಂಕಾಲವೇ ಅವನಿಗೆ ಹೇಳಬೇಕು ಎಂದುಕೊಂಡಳು. ಆ ಯೋಚನೆಗೂ ಹೆದರಿದಳು.

ಕೋಣೆಯಲ್ಲಿ ಯಾರೂ ಏನಾಯಿತೆಂದು ಕೇಳಲಿಲ್ಲ. ಹೊಸಬಳೇ ಎಲ್ಲವನ್ನೂ ಹೇಳಿದಳು, ಪೆನ್ನಿನ ಮುಚ್ಚಳದ ಸಮೇತ. ಓದುವಕ್ಕ ಪುಸ್ತಕವನ್ನು ಚಿಕ್ಕಮ್ಮನಿಗೆ ಕೊಟ್ಟಳು. ಚಿಕ್ಕಮ್ಮ ಅದನ್ನು ಹೊಸಬಳ ಕೈಗಿಟ್ಟಳು. ಓದುವಕ್ಕ ತನ್ನ ಅಂಗಿಗಳ ಮುಂದೆ ಕೂತಳು. ಅವಳು ಮಾಡಿದ್ದನ್ನು ಯಾರೂ ಮರೆತಿರಲಿಲ್ಲ. ಮರೆಯಬೇಕೆಂದು ಅವಳೂ ಕೇಳಲಿಲ್ಲ.

ಹೊಸಬಳು ಓದತೊಡಗಿದಳು. ಮುದುಕ ರಾಜನನ್ನು ಮಕ್ಕಳು ಕೊಂದ ಪುಟ. ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಮೇಸ್ತ್ರಿಯ ಚಪ್ಪಲಿಯಲ್ಲ, ಬೂಟು. ನಿಧಾನವಾಗಿ ಇಳಿಯುತ್ತಿತ್ತು. ಹೊಸಬಳ ದನಿ ವಾಕ್ಯದ ನಡುವೆ ತಡವರಿಸಿತು. ಅವಳು ಪುಟದಿಂದ ಕಣ್ಣೆತ್ತಿದಳು.

ಓದುವಕ್ಕನ ಸೂಜಿ ಎರಡು ಸಲ ಗುಂಡಿಯ ತೂತು ತಪ್ಪಿತು.

"ಓದು," ಅಂದಳು. "ಇದ್ದಂಗೇ ಓದು."